ಗ್ರಾಫಿಕ್ಸ್ ಕಾರ್ಡುಗಳ ಕಾರ್ಯಸಾಮರ್ಥ್ಯದ ಹೋಲಿಕೆ

ಗ್ರಾಫಿಕ್ಸ್ ಕಾರ್ಡುಗಳ ಕಾರ್ಯಸಾಮರ್ಥ್ಯದ ಹೋಲಿಕೆ ಎಂದರೆ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ದರ್ಜೆಯಲ್ಲಿ ತಯಾರಾದ ಗ್ರಾಫಿಕ್ಸ್ ಕಾರ್ಡುಗಳು ಒಂದೇ ಕೆಲಸವನ್ನು ಎಷ್ಟು ವೇಗವಾಗಿ, ಎಷ್ಟು ವಿದ್ಯುತ್ತಿನಲ್ಲಿ ಮಾಡುತ್ತವೆ ಎಂಬುದನ್ನು ಅಳೆದು ನೋಡುವ ಕ್ರಮ. ಕಂಪ್ಯೂಟರಿನ ಪರದೆಯ ಮೇಲೆ ಚಿತ್ರ ಮೂಡಿಸುವುದಕ್ಕಾಗಿ ಹುಟ್ಟಿದ ಈ ಕಾರ್ಡುಗಳನ್ನು ಇಂದು ಆಟಗಳಿಗೆ, ವಿಡಿಯೋ ಸಂಕಲನಕ್ಕೆ, ವೈಜ್ಞಾನಿಕ ಗಣನೆಗೆ ಹಾಗೂ ಕೃತಕ ಬುದ್ಧಿಮತ್ತೆಯ ಮಾದರಿಗಳನ್ನು ತರಬೇತುಗೊಳಿಸುವುದಕ್ಕೆ ಬಳಸಲಾಗುತ್ತಿದೆ. ಒಂದು ಕೆಲಸದಲ್ಲಿ ಮುಂದಿರುವ ಕಾರ್ಡು ಇನ್ನೊಂದರಲ್ಲಿ ಹಿಂದೆ ಬೀಳಬಹುದು. ಆದ್ದರಿಂದ ಹೊಸದು, ಹಳೆಯದು ಎಂಬ ವಿಂಗಡಣೆಯೊಂದರಿಂದಲೇ ಯಾವುದು ಉತ್ತಮ ಎಂದು ತೀರ್ಮಾನಿಸಲು ಬರುವುದಿಲ್ಲ. ಮಾರಾಟಕ್ಕಿಟ್ಟ ಡಬ್ಬಿಯ ಮೇಲಿನ ದೊಡ್ಡ ಸಂಖ್ಯೆಯನ್ನು ನಂಬಿ ಕೊಂಡವರು, ತಮ್ಮಲ್ಲಿದ್ದ ಹಳೆಯ ಕಾರ್ಡಿಗಿಂತ ನಿಧಾನವಾದದ್ದನ್ನು ಮನೆಗೆ ತಂದ ಪ್ರಸಂಗಗಳು ಈ ಉದ್ಯಮದ ಆರಂಭದ ವರ್ಷಗಳಿಂದಲೂ ಇವೆ.

ಹಿನ್ನೆಲೆ

ಮೂರು ಆಯಾಮದ ಚಿತ್ರಗಳಿಗೆಂದೇ ಪ್ರತ್ಯೇಕ ಕಾರ್ಡನ್ನು ಜನಸಾಮಾನ್ಯರಿಗೆ ಪರಿಚಯಿಸಿದವುಗಳಲ್ಲಿ 1996ರಲ್ಲಿ ಬಂದ 3ಡಿಎಫ್ಎಕ್ಸ್ ಕಂಪನಿಯ ವೂಡೂ ಪ್ರಮುಖವಾದುದು. 1999ರಲ್ಲಿ ಎನ್‌ವಿಡಿಯಾ ಕಂಪನಿಯು ಜೀಫೋರ್ಸ್ 256 ಎಂಬ ಕಾರ್ಡನ್ನು ಹೊರತಂದು, ಅದರ ಚಿಪ್ಪನ್ನು ‘ಜಿಪಿಯು’ ಎಂದು ಕರೆಯಿತು. ಆ ಹೆಸರೇ ಬಳಕೆಯಲ್ಲಿ ನಿಂತಿತು. 2006ರಲ್ಲಿ ಎಎಂಡಿ ಕಂಪನಿಯು ರೇಡಿಯಾನ್ ಕಾರ್ಡುಗಳ ತಯಾರಕ ಎಟಿಐಯನ್ನು ಕೊಂಡುಕೊಂಡಿತು. ಅಂದಿನಿಂದ ಮಾರುಕಟ್ಟೆ ಬಹುಮಟ್ಟಿಗೆ ಈ ಎರಡು ಕಂಪನಿಗಳ ನಡುವೆಯೇ ಹಂಚಿಹೋಗಿದೆ. ಇಂಟೆಲ್ 2022ರಲ್ಲಿ ಆರ್ಕ್ ಎಂಬ ಸರಣಿಯೊಡನೆ ಬಿಡಿ ಕಾರ್ಡುಗಳ ಮಾರುಕಟ್ಟೆಗೆ ಮರಳಿ ಕಾಲಿಟ್ಟಿತು.

ಎಲ್ಲ ಕಂಪ್ಯೂಟರುಗಳಲ್ಲಿಯೂ ಬಿಡಿ ಕಾರ್ಡು ಇರುವುದಿಲ್ಲ. ನಮ್ಮ ಶಾಲಾ ಕಾಲೇಜುಗಳ ಹಾಗೂ ಕಚೇರಿಗಳ ಬಹುಪಾಲು ಯಂತ್ರಗಳಲ್ಲಿ ಪ್ರೊಸೆಸರ್ ಒಳಗೇ ಅಡಗಿರುವ ಗ್ರಾಫಿಕ್ಸ್ ಭಾಗವು ಚಿತ್ರ ಮೂಡಿಸುತ್ತದೆ. ಪತ್ರ ಬರೆಯಲು, ಜಾಲತಾಣ ನೋಡಲು, ವಿಡಿಯೋ ಪಾಠ ಕೇಳಲು ಅಷ್ಟು ಸಾಕು.

ಹೆಸರು ಮತ್ತು ಸಂಖ್ಯೆ

ಹೋಲಿಕೆಯಲ್ಲಿ ಮೊದಲ ತೊಡಕು ಹೆಸರಿನದು. ಎನ್‌ವಿಡಿಯಾದ ಇತ್ತೀಚಿನ ಹೆಸರುಗಳಲ್ಲಿ ಮೊದಲ ಅಂಕಿಗಳು ತಲೆಮಾರನ್ನೂ ಕೊನೆಯ ಎರಡು ಅಂಕಿಗಳು ದರ್ಜೆಯನ್ನೂ ಸೂಚಿಸುತ್ತವೆ. ಜಿಟಿಎಕ್ಸ್ 1060 ಎಂದರೆ ಹತ್ತನೆಯ ಸರಣಿಯ ಮಧ್ಯಮ ದರ್ಜೆಯ ಕಾರ್ಡು. ಆರ್‌ಟಿಎಕ್ಸ್ 3050 ಎಂದರೆ ಮೂವತ್ತರ ಸರಣಿಯ ಕೆಳ ದರ್ಜೆಯದು. 3050 ಎಂಬುದು 1080ಕ್ಕಿಂತ ದೊಡ್ಡ ಸಂಖ್ಯೆಯಾದರೂ, 2017ರ ಮಾರ್ಚಿನಲ್ಲಿ ಬಂದ ಜಿಟಿಎಕ್ಸ್ 1080 ಟಿಐ ಕಾರ್ಡು 2022ರ ಜನವರಿಯಲ್ಲಿ ಬಂದ ಆರ್‌ಟಿಎಕ್ಸ್ 3050ಕ್ಕಿಂತ ಬಹುತೇಕ ಆಟಗಳಲ್ಲಿ ಸ್ಪಷ್ಟವಾಗಿ ಮುಂದಿದೆ. ಹಳೆಯ ಮೇಲ್ದರ್ಜೆಯನ್ನು ಹೊಸ ಕೆಳದರ್ಜೆಯೊಡನೆ ಹೋಲಿಸುವಾಗಲೆಲ್ಲ ಈ ಪ್ರಶ್ನೆ ಏಳುತ್ತದೆ. ಸ್ಥೂಲವಾಗಿ ಹೇಳುವುದಾದರೆ, ಒಂದು ತಲೆಮಾರಿನ ಮೇಲ್ದರ್ಜೆಯ ಕಾರ್ಡಿನ ವೇಗ ಮುಂದಿನ ತಲೆಮಾರಿನ ಮಧ್ಯಮ ದರ್ಜೆಗೆ ಇಳಿದು ಬರುತ್ತದೆ. 2014ರ ಜಿಟಿಎಕ್ಸ್ 980ಕ್ಕೂ 2016ರ ಜಿಟಿಎಕ್ಸ್ 1060ರ 6 ಗಿಗಾಬೈಟಿನ ಕಾರ್ಡಿಗೂ ವೇಗ ಬಹುತೇಕ ಸಮ. ಮೊದಲನೆಯದು 165 ವ್ಯಾಟ್ ಕೇಳಿದರೆ ಎರಡನೆಯದು 120 ವ್ಯಾಟಿನಲ್ಲಿ ಆ ಕೆಲಸ ಮಾಡುತ್ತದೆ. ಆದರೆ ಇದು ಎಲ್ಲ ತಲೆಮಾರುಗಳಿಗೂ ಅನ್ವಯಿಸುವ ನಿಯಮವಲ್ಲ.

ಹೆಸರು ಹೊಸದಾಗಿದ್ದು ಒಳಗಿನ ಚಿಪ್ಪು ಹಳೆಯದಾಗಿರುವುದು ಇನ್ನೊಂದು ಬಗೆಯ ತೊಡಕು. 2001ರ ಜೀಫೋರ್ಸ್ 3 ಕಾರ್ಡಿನಲ್ಲಿ ಚುಕ್ಕಿಗಳ ಬಣ್ಣವನ್ನು ಪ್ರೋಗ್ರಾಮಿನ ಮೂಲಕ ನಿರ್ಧರಿಸುವ ಸೌಲಭ್ಯವಿತ್ತು. ಅದರ ಮರುವರ್ಷ ಬಂದ ಜೀಫೋರ್ಸ್ 4 ಎಂಎಕ್ಸ್ ಕಾರ್ಡುಗಳಲ್ಲಿ ಆ ಸೌಲಭ್ಯವೇ ಇರಲಿಲ್ಲ. 3ಕ್ಕಿಂತ 4 ಹೊಸದು ಎಂದು ನಂಬಿ ಕೊಂಡವರಿಗೆ ಆ ಸೌಲಭ್ಯ ಬೇಡುವ ಆಟಗಳು ತೆರೆಯಲೇ ಇಲ್ಲ. 2009ರ ಜಿಟಿಎಸ್ 250 ಎಂಬುದು 9800 ಜಿಟಿಎಕ್ಸ್ ಪ್ಲಸ್ ಕಾರ್ಡಿನ ಚಿಪ್ಪಿಗೇ ಇಟ್ಟ ಹೊಸ ಹೆಸರು. ಎಎಂಡಿಯ 2013ರ ಆರ್9 280ಎಕ್ಸ್ ಹಿಂದಿನ ವರ್ಷಗಳ ಎಚ್‌ಡಿ 7970ರ ಚಿಪ್ಪನ್ನೇ ಹೊತ್ತು ಬಂತು. ಚಿಕ್ಕ ಊರುಗಳ ಅಂಗಡಿಗಳಲ್ಲಿ ಬಹುಕಾಲ ‘2 ಜಿಬಿ ಗ್ರಾಫಿಕ್ಸ್ ಕಾರ್ಡು’ ಎಂದೇ ಮಾರಾಟವಾದ ಜಿಟಿ 710 ಹೊರಬಂದದ್ದು 2016ರಲ್ಲಿ. ಅದರಲ್ಲಿರುವುದು ಕೆಪ್ಲರ್ ಎಂಬ ಹಿಂದಿನ ವಿನ್ಯಾಸದ, ಕೇವಲ 192 ಕೋರುಗಳ ಚಿಪ್ಪು. ಇಂದಿನ ಹಲವು ಪ್ರೊಸೆಸರುಗಳ ಒಳಗಿನ ಗ್ರಾಫಿಕ್ಸ್ ಭಾಗವೇ ಇದಕ್ಕಿಂತ ಚುರುಕಾಗಿದೆ. ಅಂಥ ಯಂತ್ರಕ್ಕೆ ಈ ಕಾರ್ಡನ್ನು ಸೇರಿಸಿದರೆ ಹಣ ಕೊಟ್ಟು ವೇಗ ತಗ್ಗಿಸಿಕೊಂಡಂತೆ.

ಒಂದೇ ಹೆಸರಿನಲ್ಲಿ ಎರಡು ಸರಕು ಇರುವುದೂ ಉಂಟು. ಇದರ ಅತ್ಯಂತ ನಿಚ್ಚಳ ನಿದರ್ಶನ ಜಿಟಿ 1030. ಈ ಕಾರ್ಡು 2017ರಲ್ಲಿ ಜಿಡಿಡಿಆರ್5 ಮೆಮೊರಿಯೊಡನೆ ಬಂದಾಗ ಅದರ ಮೆಮೊರಿ ಸೆಕೆಂಡಿಗೆ 48 ಗಿಗಾಬೈಟ್ ಮಾಹಿತಿಯನ್ನು ಸಾಗಿಸುತ್ತಿತ್ತು. ಮರುವರ್ಷ ಅದೇ ಹೆಸರಿನಲ್ಲಿ ಡಿಡಿಆರ್4 ಮೆಮೊರಿಯ ಕಾರ್ಡು ಬಂತು. ಅದರ ಸಾಗಣೆ ಸೆಕೆಂಡಿಗೆ 16.8 ಗಿಗಾಬೈಟ್ ಮಾತ್ರ, ಅಂದರೆ ಮೊದಲಿನದರ ಸುಮಾರು ಮೂರನೆಯ ಒಂದು ಭಾಗ. ಇಲ್ಲಿ ಹೊಸದೇ ನಿಧಾನ. ಜಿಟಿಎಕ್ಸ್ 1060ರಲ್ಲಿ 6 ಗಿಗಾಬೈಟಿನದಕ್ಕೆ 1280 ಕೋರುಗಳಿದ್ದರೆ 3 ಗಿಗಾಬೈಟಿನದಕ್ಕೆ 1152. ವ್ಯತ್ಯಾಸ ಮೆಮೊರಿಯದಷ್ಟೇ ಎಂದು ಗ್ರಾಹಕರು ಭಾವಿಸುವಂತೆ ಹೆಸರಿಡಲಾಗಿತ್ತು. 2022ರಲ್ಲಿ ಎನ್‌ವಿಡಿಯಾ ಆರ್‌ಟಿಎಕ್ಸ್ 4080 ಎಂಬ ಒಂದೇ ಹೆಸರಿನಲ್ಲಿ ಎರಡು ಭಿನ್ನ ಚಿಪ್ಪುಗಳ ಕಾರ್ಡುಗಳನ್ನು ಘೋಷಿಸಿ, ಟೀಕೆ ಹೆಚ್ಚಾದ ಮೇಲೆ ಅಕ್ಟೋಬರಿನಲ್ಲಿ ಚಿಕ್ಕದನ್ನು ಹಿಂತೆಗೆದುಕೊಂಡಿತು.

ಅಳತೆಯ ಮಾನಗಳು

ಕೋರುಗಳ ಸಂಖ್ಯೆಯನ್ನು ಒಂದೇ ತಲೆಮಾರಿನೊಳಗೆ ಹೋಲಿಸಬಹುದು, ತಲೆಮಾರು ಬದಲಾದರೆ ಹೋಲಿಸಬಾರದು. 2010ರ ಜಿಟಿಎಕ್ಸ್ 580ರಲ್ಲಿ 512 ಕೋರುಗಳಿದ್ದವು, 2012ರ ಜಿಟಿಎಕ್ಸ್ 680ರಲ್ಲಿ 1536. ಮೂರು ಪಟ್ಟಾಯಿತಲ್ಲ ಎಂದು ಮೂರು ಪಟ್ಟು ವೇಗವನ್ನು ನಿರೀಕ್ಷಿಸಿದರೆ ನಿರಾಸೆಯಾಗುತ್ತದೆ. ಹಳೆಯ ವಿನ್ಯಾಸದಲ್ಲಿ ಕೋರುಗಳು ಸುಮಾರು 1544 ಮೆಗಾಹರ್ಟ್ಸ್ ವೇಗದಲ್ಲಿ ಮಿಡಿಯುತ್ತಿದ್ದರೆ, ಹೊಸದರಲ್ಲಿ ಅದು 1006ಕ್ಕೆ ಇಳಿದಿತ್ತು. ಲೆಕ್ಕದ ಪ್ರಕಾರ ಗಣನ ಸಾಮರ್ಥ್ಯ ಸುಮಾರು 1.58 ಟೆರಾಫ್ಲಾಪಿನಿಂದ 3.09ಕ್ಕೆ ಏರಿತು. ಆಟಗಳಲ್ಲಿ ಕಂಡ ಹೆಚ್ಚಳ ಅದಕ್ಕಿಂತಲೂ ಬಹಳ ಕಡಿಮೆ. 2020ರ ಆರ್‌ಟಿಎಕ್ಸ್ 3080ರಲ್ಲಿ ಕೋರುಗಳ ಎಣಿಕೆ 8704ಕ್ಕೆ ನೆಗೆದಾಗಲೂ ಹೀಗೆಯೇ ಆಯಿತು. ಹಿಂದೆ ಪೂರ್ಣಾಂಕಗಳ ಲೆಕ್ಕಕ್ಕೆ ಮೀಸಲಾಗಿದ್ದ ಭಾಗಗಳು ದಶಮಾಂಶದ ಲೆಕ್ಕವನ್ನೂ ಮಾಡುವಂತಾದುದರಿಂದ ಎಣಿಕೆ ಇಮ್ಮಡಿಯಾಯಿತೇ ಹೊರತು ವೇಗ ಇಮ್ಮಡಿಯಾಗಲಿಲ್ಲ.

ಟೆರಾಫ್ಲಾಪ್ ಎಂದರೆ ಸೆಕೆಂಡಿಗೆ ಒಂದು ಲಕ್ಷ ಕೋಟಿ ದಶಮಾಂಶ ಗಣನೆಗಳು. ಕೋರುಗಳ ಸಂಖ್ಯೆಯನ್ನು ಮಿಡಿತದ ವೇಗದಿಂದ ಗುಣಿಸಿ, ಮತ್ತೆ ಎರಡರಿಂದ ಗುಣಿಸಿದರೆ ಈ ಅಂಕಿ ಸಿಗುತ್ತದೆ. ಇದು ಕಾಗದದ ಮೇಲಿನ ಗರಿಷ್ಠ ಮಿತಿ. ಎಲ್ಲ ಕೋರುಗಳಿಗೂ ಎಡೆಬಿಡದೆ ಕೆಲಸ ಸಿಗುತ್ತಿದ್ದರೆ ಮಾತ್ರ ಅಷ್ಟು ವೇಗ ಸಾಧ್ಯ. ಆ ಕೆಲಸವನ್ನು ತಂದು ಕೊಡುವುದು ಮೆಮೊರಿ.

ಮೆಮೊರಿಯನ್ನು ಕುರಿತು ಎರಡು ಪ್ರಶ್ನೆಗಳನ್ನು ಬೇರೆಯಾಗಿಯೇ ಕೇಳಬೇಕು. ಎಷ್ಟು ತುಂಬುತ್ತದೆ ಎಂಬುದು ಒಂದು, ಎಷ್ಟು ಬೇಗ ಸಾಗುತ್ತದೆ ಎಂಬುದು ಇನ್ನೊಂದು. ಕಣಜ ದೊಡ್ಡದಾಗಿದ್ದು ಬಾಗಿಲು ಕಿರಿದಾಗಿದ್ದರೆ ಚೀಲ ಹೊರಬರುವುದು ತಡವಾಗುತ್ತದೆ. ಸಾಗಣೆಯ ದರವನ್ನು, ಅಂದರೆ ಬ್ಯಾಂಡ್‌ವಿಡ್ತನ್ನು, ಯಾರು ಬೇಕಾದರೂ ಲೆಕ್ಕ ಹಾಕಬಹುದು. ಮೆಮೊರಿಯ ದಾರಿಯ ಅಗಲವನ್ನು ಬಿಟ್‌ಗಳಲ್ಲಿ ತೆಗೆದುಕೊಂಡು, ಪ್ರತಿ ಬಿಟ್ ದಾರಿಯಲ್ಲಿ ಸೆಕೆಂಡಿಗೆ ಸಾಗುವ ಗಿಗಾಬಿಟ್‌ಗಳಿಂದ ಗುಣಿಸಿ, ಎಂಟರಿಂದ ಭಾಗಿಸಬೇಕು. 2021ರ ಆರ್‌ಟಿಎಕ್ಸ್ 3060ಗೆ 192ನ್ನು 15ರಿಂದ ಗುಣಿಸಿ 8ರಿಂದ ಭಾಗಿಸಿದರೆ ಸೆಕೆಂಡಿಗೆ 360 ಗಿಗಾಬೈಟ್ ಬರುತ್ತದೆ. 2023ರ ಆರ್‌ಟಿಎಕ್ಸ್ 4060ಗೆ 128ನ್ನು 17ರಿಂದ ಗುಣಿಸಿ 8ರಿಂದ ಭಾಗಿಸಿದರೆ 272 ಮಾತ್ರ. ಹೊಸ ಕಾರ್ಡಿನ ದಾರಿ ಕಿರಿದಾಗಿದೆ, ಮೆಮೊರಿಯೂ 12ರಿಂದ 8 ಗಿಗಾಬೈಟಿಗೆ ಇಳಿದಿದೆ. ಆದರೂ ಹೆಚ್ಚಿನ ಆಟಗಳಲ್ಲಿ 4060 ಮುಂದೆ ಹೋಗುತ್ತದೆ. ಚಿಪ್ಪಿನೊಳಗೇ ಇರುವ ಎರಡನೆಯ ಹಂತದ ಕ್ಯಾಶೆ ಮೆಮೊರಿಯನ್ನು 3 ಮೆಗಾಬೈಟಿನಿಂದ 24 ಮೆಗಾಬೈಟಿಗೆ ಏರಿಸಿರುವುದೂ ಮಿಡಿತದ ವೇಗ ಹೆಚ್ಚಿರುವುದೂ ಇದಕ್ಕೆ ಕಾರಣ. ಆದರೆ ಕೆಲಸವು 8 ಗಿಗಾಬೈಟನ್ನು ಮೀರಿದ ಕ್ಷಣದಲ್ಲಿ ಈ ಮೇಲುಗೈ ಮುರಿದು ಬೀಳುತ್ತದೆ. ಕಾರ್ಡಿನಲ್ಲಿ ಹಿಡಿಸದ ಮಾಹಿತಿಯನ್ನು ಕಂಪ್ಯೂಟರಿನ ಮುಖ್ಯ ಮೆಮೊರಿಯಿಂದ ಹೊತ್ತು ತರಬೇಕಾಗುತ್ತದೆ, ಚಿತ್ರ ತಡವರಿಸುತ್ತದೆ. ಅಲ್ಲಿ ಹಳೆಯ 3060 ಸಲೀಸಾಗಿ ನಡೆಯುತ್ತದೆ.

ದಶಮಾಂಶ ಗಣನೆಯಲ್ಲಿಯೂ ಎರಡು ಬಗೆಗಳಿವೆ. ಆಟದ ಚಿತ್ರಗಳಿಗೆ 32 ಬಿಟ್‌ನ ನಿಖರತೆ ಸಾಕು. ಹವಾಮಾನ, ದ್ರವಗಳ ಹರಿವು, ಅಣುಗಳ ಚಲನೆ ಮುಂತಾದವುಗಳ ಗಣನೆಗೆ ಅನೇಕ ಸಲ 64 ಬಿಟ್ ಬೇಕಾಗುತ್ತದೆ. 2013ರಲ್ಲಿ ವೈಜ್ಞಾನಿಕ ಕೆಲಸಕ್ಕೆಂದು ಬಂದ ಟೆಸ್ಲಾ ಕೆ40 ಕಾರ್ಡು 64 ಬಿಟ್‌ನ ಗಣನೆಯಲ್ಲಿ 1.43 ಟೆರಾಫ್ಲಾಪ್ ಕೊಡುತ್ತಿತ್ತು. ಹತ್ತು ವರ್ಷಗಳ ನಂತರ ಬಂದ ಆರ್‌ಟಿಎಕ್ಸ್ 4060 ಕಾರ್ಡಿನಲ್ಲಿ 32 ಬಿಟ್‌ನ ವೇಗ ಸುಮಾರು 15 ಟೆರಾಫ್ಲಾಪ್ ಇದ್ದರೂ, 64 ಬಿಟ್‌ನದು ಅದರ ಅರವತ್ತನಾಲ್ಕನೆಯ ಒಂದು ಭಾಗ, ಅಂದರೆ 0.24ಕ್ಕಿಂತಲೂ ಕಡಿಮೆ. ಹಳೆಯದು ಇಲ್ಲಿ ಆರು ಪಟ್ಟು ಮುಂದಿದೆ. ಹಾವೇರಿ ಜಿಲ್ಲೆಯವರಿಗೆ ಇದನ್ನು ಮೆಣಸಿನಕಾಯಿಯ ಮಾತಿನಲ್ಲಿ ಹೇಳಿದರೆ ಬೇಗ ಮನದಟ್ಟಾದೀತು. ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಬರುವುದು ಬಣ್ಣದಿಂದ, ಗುಂಟೂರಿನದಕ್ಕೆ ಖಾರದಿಂದ. ಯಾವುದು ಮೇಲು ಎಂದು ಬರಿದೆ ಕೇಳಿದರೆ ವ್ಯಾಪಾರಿಯು ಯಾವುದಕ್ಕೆ ಬೇಕು ಎಂದು ಮರುಪ್ರಶ್ನೆ ಹಾಕುತ್ತಾನೆ.

ವೇಗದ ಪರೀಕ್ಷೆಗಳು

ಕಾರ್ಡನ್ನು ನಿಜವಾಗಿ ಓಡಿಸಿ ನೋಡುವ ಪರೀಕ್ಷೆಗೆ ಬೆಂಚ್‌ಮಾರ್ಕ್ ಎನ್ನುತ್ತಾರೆ. 1998ರಿಂದ ಬಳಕೆಯಲ್ಲಿರುವ 3ಡಿಮಾರ್ಕ್ ಮುಂತಾದ ಸಿದ್ಧ ಪರೀಕ್ಷೆಗಳು ಒಂದು ಬಗೆ, ನಿಜವಾದ ಆಟವನ್ನೇ ಓಡಿಸಿ ಫ್ರೇಮುಗಳನ್ನು ಎಣಿಸುವುದು ಇನ್ನೊಂದು ಬಗೆ. ಸಿದ್ಧ ಪರೀಕ್ಷೆಯಲ್ಲಿ ಒಂದೇ ದೃಶ್ಯ ಪ್ರತಿ ಸಲವೂ ಹಾಗೆಯೇ ಬರುವುದರಿಂದ ಹೋಲಿಕೆ ಸುಲಭ. ಮೋಸವೂ ಅಷ್ಟೇ ಸುಲಭ. 2001ರಲ್ಲಿ ಎಟಿಐ ಕಂಪನಿಯ ರೇಡಿಯಾನ್ 8500 ಕಾರ್ಡಿನ ಡ್ರೈವರ್, ಕ್ವೇಕ್ 3 ಆಟದ ಹೆಸರನ್ನು ಕಂಡೊಡನೆ ಚಿತ್ರದ ಗುಣಮಟ್ಟ ತಗ್ಗಿಸಿ ವೇಗ ತೋರಿಸುತ್ತಿತ್ತು. ಪರೀಕ್ಷಕರು ಕಡತದಲ್ಲಿದ್ದ ‘ಕ್ವೇಕ್’ ಎಂಬ ಹೆಸರನ್ನು ‘ಕ್ವಾಕ್’ ಎಂದು ಬದಲಿಸಿದಾಗ ಆ ವೇಗ ಇಳಿದು ಗುಟ್ಟು ರಟ್ಟಾಯಿತು. 2003ರಲ್ಲಿ 3ಡಿಮಾರ್ಕ್ ತಯಾರಕ ಫ್ಯೂಚರ್‌ಮಾರ್ಕ್ ಸಂಸ್ಥೆಯು, ಎನ್‌ವಿಡಿಯಾದ ಡ್ರೈವರುಗಳು ತನ್ನ ಪರೀಕ್ಷೆಯನ್ನು ಗುರುತಿಸಿ ಅಂಕ ಹೆಚ್ಚಿಸಿಕೊಳ್ಳುತ್ತಿವೆ ಎಂದು ವರದಿ ಪ್ರಕಟಿಸಿತು. ಪ್ರಶ್ನೆಪತ್ರಿಕೆ ಮೊದಲೇ ಕೈಗೆ ಸಿಕ್ಕ ವಿದ್ಯಾರ್ಥಿಯ ಅಂಕಪಟ್ಟಿಗೆ ಎಷ್ಟು ಬೆಲೆಯೋ ಅಂಥ ಅಂಕಗಳಿಗೂ ಅಷ್ಟೇ ಬೆಲೆ.

ಸೆಕೆಂಡಿಗೆ ಎಷ್ಟು ಫ್ರೇಮು ಎಂಬ ಸರಾಸರಿಯೂ ಪೂರ್ಣ ಸತ್ಯವನ್ನು ಹೇಳುವುದಿಲ್ಲ. 60 ಫ್ರೇಮು ಎಂದರೆ ಪ್ರತಿ ಫ್ರೇಮಿಗೆ 16.7 ಮಿಲಿಸೆಕೆಂಡು. ಒಂದು ಸೆಕೆಂಡಿನಲ್ಲಿ 59 ಫ್ರೇಮುಗಳು ಚಕಚಕನೆ ಬಂದು, ಒಂದೇ ಒಂದು ಫ್ರೇಮು ಬಹಳ ಹೊತ್ತು ತಡೆದು ಬಂದರೂ ಸರಾಸರಿ 60 ಆಗಬಹುದು. ಆದರೆ ಕಣ್ಣು ಆ ತಡೆಯನ್ನು ಗುರುತಿಸುತ್ತದೆ. 2011ರಲ್ಲಿ ಟೆಕ್ ರಿಪೋರ್ಟ್ ತಾಣದ ಸ್ಕಾಟ್ ವಾಸನ್ ಪ್ರತಿ ಫ್ರೇಮಿನ ಕಾಲವನ್ನು ಬೇರೆಯಾಗಿ ಅಳೆಯುವ ಕ್ರಮವನ್ನು ವಿವರಿಸಿ ಬರೆದ ಮೇಲೆ, ಅತಿ ನಿಧಾನದ ಶೇಕಡಾ 1ರಷ್ಟು ಫ್ರೇಮುಗಳ ದರವನ್ನು ಸರಾಸರಿಯ ಪಕ್ಕದಲ್ಲಿಯೇ ಕೊಡುವುದು ಕ್ರಮೇಣ ರೂಢಿಯಾಯಿತು. ಮೆಮೊರಿ ಸಾಲದ ಕಾರ್ಡುಗಳು ಸಾಮಾನ್ಯವಾಗಿ ಸಿಕ್ಕಿಬೀಳುವುದು ಈ ಎರಡನೆಯ ಅಂಕಿಯಲ್ಲಿ.

2018ರ ಆರ್‌ಟಿಎಕ್ಸ್ 20 ಸರಣಿಯಿಂದೀಚೆಗೆ ಹೊಸದೊಂದು ಸಂಗತಿ ಸೇರಿದೆ. ಡಿಎಲ್ಎಸ್ಎಸ್ ಎಂಬ ವಿಧಾನದಲ್ಲಿ ಕಾರ್ಡು ಚಿಕ್ಕ ಚಿತ್ರವನ್ನು ರಚಿಸಿ ಅದನ್ನು ದೊಡ್ಡದಾಗಿಸುತ್ತದೆ. 2022ರ ನಂತರದ ಆವೃತ್ತಿಗಳಲ್ಲಿ ಎರಡು ನಿಜ ಫ್ರೇಮುಗಳ ನಡುವೆ ಊಹಿಸಿದ ಫ್ರೇಮುಗಳನ್ನೂ ತುಂಬಲಾಗುತ್ತದೆ. ಇದರಿಂದ ಚಲನೆ ನಯವಾಗಿ ಕಾಣುವುದು ನಿಜ. ಆದರೆ ಗುಂಡಿ ಒತ್ತಿದಾಗ ಆಟ ಪ್ರತಿಕ್ರಿಯಿಸುವ ಚುರುಕು ಹೆಚ್ಚುವುದಿಲ್ಲ. 2025ರ ಜನವರಿಯಲ್ಲಿ ಎನ್‌ವಿಡಿಯಾದ ಮುಖ್ಯಸ್ಥ ಜೆನ್ಸೆನ್ ಹುವಾಂಗ್, 549 ಡಾಲರಿನ ಆರ್‌ಟಿಎಕ್ಸ್ 5070 ಕಾರ್ಡು ಹಿಂದಿನ ತಲೆಮಾರಿನ ಅಗ್ರ ಕಾರ್ಡಾದ 4090ರ ಸಾಮರ್ಥ್ಯ ಕೊಡುತ್ತದೆ ಎಂದು ಸಾರಿದರು. ಊಹಿಸಿದ ಫ್ರೇಮುಗಳನ್ನು ಎಣಿಕೆಗೆ ಸೇರಿಸಿದಾಗ ಮಾತ್ರ ಆ ಮಾತಿಗೆ ಆಧಾರ ಸಿಗುತ್ತದೆ. ಅವನ್ನು ಬಿಟ್ಟು ಅಳೆದರೆ 5070 ಬಹಳ ಹಿಂದುಳಿಯುತ್ತದೆ. ಹೊಸ ಮತ್ತು ಹಳೆಯ ಕಾರ್ಡುಗಳ ನಕ್ಷೆಯನ್ನು ಓದುವಾಗ ಎರಡರಲ್ಲಿಯೂ ಈ ಸೌಲಭ್ಯವನ್ನು ಆರಿಸಿ ಅಳೆದಿದ್ದಾರೆಯೇ ಎಂದು ಮೊದಲು ನೋಡಬೇಕು.

ವಿದ್ಯುತ್ತು ಮತ್ತು ಜೋಡಣೆ

ಹೊಸ ಕಾರ್ಡುಗಳ ನಿರ್ವಿವಾದವಾದ ಮೇಲುಗೈ ಇರುವುದು ವಿದ್ಯುತ್ತಿನ ಉಳಿತಾಯದಲ್ಲಿ. 2006ರ ಜೀಫೋರ್ಸ್ 8800 ಜಿಟಿಎಕ್ಸ್ ತನ್ನ ಕಾಲದ ಅತಿ ವೇಗದ ಕಾರ್ಡು. 90 ನ್ಯಾನೋಮೀಟರ್ ತಂತ್ರದಲ್ಲಿ ತಯಾರಾದ ಅದರ ಚಿಪ್ಪಿನಲ್ಲಿ 68.1 ಕೋಟಿ ಟ್ರಾನ್ಸಿಸ್ಟರುಗಳಿದ್ದವು, ಕಾರ್ಡು 155 ವ್ಯಾಟಿನವರೆಗೆ ಕೇಳುತ್ತಿತ್ತು. 2014ರ ಜಿಟಿಎಕ್ಸ್ 750 ಟಿಐ ಸಾಧಾರಣ ದರ್ಜೆಯದು, 60 ವ್ಯಾಟಿನದು. ಸ್ವಾರಸ್ಯವೆಂದರೆ ಎರಡರ ಮೆಮೊರಿ ಸಾಗಣೆಯೂ ಒಂದೇ, ಸೆಕೆಂಡಿಗೆ 86.4 ಗಿಗಾಬೈಟ್. ಮೊದಲನೆಯದು 384 ಬಿಟ್‌ನ ಅಗಲ ದಾರಿಯಿಂದ ಸಾಧಿಸಿದ್ದನ್ನು ಎರಡನೆಯದು 128 ಬಿಟ್‌ನ ದಾರಿಯಲ್ಲಿ ಮೂರು ಪಟ್ಟು ವೇಗದ ಮೆಮೊರಿಯಿಂದ ಸಾಧಿಸಿತು. ಗಣನ ಸಾಮರ್ಥ್ಯ ಮಾತ್ರ ಸುಮಾರು 0.35 ಟೆರಾಫ್ಲಾಪಿನಿಂದ 1.3ಕ್ಕೆ ಏರಿತ್ತು. ದಿನಕ್ಕೆ ನಾಲ್ಕು ತಾಸು ಪೂರ್ಣ ಹೊರೆಯಲ್ಲಿ ಓಡಿಸಿದರೆ ಈ ಎರಡರ ನಡುವೆ ತಿಂಗಳಿಗೆ ಸುಮಾರು 11 ಯೂನಿಟ್ ವಿದ್ಯುತ್ತಿನ ಅಂತರ ಬೀಳುತ್ತದೆ. ಆ 95 ವ್ಯಾಟಿನ ಶಾಖವೂ ಕೋಣೆಯಲ್ಲಿಯೇ ಉಳಿಯುತ್ತದೆ. ಬಯಲುಸೀಮೆಯ ಏಪ್ರಿಲ್ ತಿಂಗಳಿನಲ್ಲಿ ಅದನ್ನು ಕಡೆಗಣಿಸುವಂತಿಲ್ಲ. ಸಾಧಾರಣ ಯುಪಿಎಸ್ ಇಟ್ಟುಕೊಂಡವರಿಗೆ ಕರೆಂಟು ಹೋದಾಗ ಯಂತ್ರವನ್ನು ಸರಿಯಾಗಿ ಮುಚ್ಚಲು ಸಿಗುವ ನಿಮಿಷಗಳೂ ಇದರಿಂದ ಹೆಚ್ಚುಕಡಿಮೆಯಾಗುತ್ತವೆ.

ಮದರ್‌ಬೋರ್ಡಿನ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟು ತಾನಾಗಿ ಕೊಡಬಲ್ಲದ್ದು 75 ವ್ಯಾಟ್. ಅದರೊಳಗೆ ಮುಗಿಯುವ 750 ಟಿಐ, 1050 ಟಿಐ, 1650, ಮತ್ತು 2024ರಲ್ಲಿ ಬಂದ 6 ಗಿಗಾಬೈಟಿನ 3050 ಮುಂತಾದ ಕಾರ್ಡುಗಳನ್ನು, ಕಚೇರಿಗಳು ವಿಲೇವಾರಿ ಮಾಡಿದ ಹಳೆಯ ಕಂಪ್ಯೂಟರುಗಳಿಗೂ ಪವರ್ ಸಪ್ಲೈ ಬದಲಿಸದೆ ಸೇರಿಸಬಹುದು. ಕೆಲವು ತಯಾರಕರು ಇವೇ ಮಾದರಿಗಳಿಗೂ ಬೇರೆ ವಿದ್ಯುತ್ ಜೋಡಣೆ ಇಟ್ಟಿರುವುದುಂಟು, ಕೊಳ್ಳುವ ಮುನ್ನ ನೋಡಿಕೊಳ್ಳಬೇಕು. ಹತ್ತರ ಸರಣಿಯಿಂದ ಎನ್‌ವಿಡಿಯಾ ಕಾರ್ಡುಗಳಲ್ಲಿ ಅನಲಾಗ್ ಸಂಕೇತವೇ ಇಲ್ಲವಾದುದರಿಂದ ಶಾಲೆಗಳಲ್ಲಿ ಉಳಿದಿರುವ ವಿಜಿಎ ಮಾನಿಟರುಗಳಿಗೆ ಪರಿವರ್ತಕ ಬೇಕಾಗುತ್ತದೆ.

ಹಳೆಯ ಯಂತ್ರಕ್ಕೆ ಹೊಸ ಕಾರ್ಡು ಎಂದಾಗ ಸ್ಲಾಟಿನ ತಲೆಮಾರನ್ನೂ ನೋಡಬೇಕು. ಎಎಂಡಿಯ 2022ರ ರೇಡಿಯಾನ್ ಆರ್‌ಎಕ್ಸ್ 6500 ಎಕ್ಸ್‌ಟಿಯು ಸ್ಲಾಟಿನ ಹದಿನಾರು ಸಾಲುಗಳಲ್ಲಿ ನಾಲ್ಕನ್ನು ಮಾತ್ರ ಬಳಸುತ್ತದೆ. ನಾಲ್ಕನೆಯ ಆವೃತ್ತಿಯ ಸ್ಲಾಟಿನಲ್ಲಿ ಅದು ಹೇಗೋ ನಡೆಯುತ್ತದೆ. ಮೂರನೆಯ ಆವೃತ್ತಿಯ ಹಳೆಯ ಮದರ್‌ಬೋರ್ಡಿನಲ್ಲಿ ದಾರಿ ಅರ್ಧಕ್ಕೆ ಇಳಿದು, 4 ಗಿಗಾಬೈಟಿನ ಚಿಕ್ಕ ಮೆಮೊರಿ ತುಂಬಿದೊಡನೆ ಕಾರ್ಡು ಕುಂಟುತ್ತದೆ. 2017ರ 8 ಗಿಗಾಬೈಟಿನ ಆರ್‌ಎಕ್ಸ್ 580 ಅಂಥ ಯಂತ್ರದಲ್ಲಿ ಇದಕ್ಕಿಂತ ಒಳ್ಳೆಯ ಜೊತೆ, ವಿದ್ಯುತ್ತು ಮಾತ್ರ 185 ವ್ಯಾಟ್ ಬೇಕು. ಹಳೆಯ ಕಂಪ್ಯೂಟರು ಇರುವವರೇ ಅಗ್ಗದ ಕಾರ್ಡನ್ನು ಹುಡುಕುವುದು ಎಂಬುದನ್ನು ನೆನೆದರೆ ಇದನ್ನು ಒಳ್ಳೆಯ ವಿನ್ಯಾಸವೆಂದು ಒಪ್ಪುವುದು ಕಷ್ಟ.

ಡ್ರೈವರ್ ಬೆಂಬಲ

ಕಾರ್ಡು ಕೆಡದಿದ್ದರೂ ಅದರ ಆಯುಸ್ಸು ಮುಗಿಯಬಹುದು. ಕೆಪ್ಲರ್ ತಲೆಮಾರಿನ ಕಾರ್ಡುಗಳಿಗೆ ಹೊಸ ಆಟಗಳಿಗಾಗಿ ಡ್ರೈವರ್ ಕೊಡುವುದನ್ನು ಎನ್‌ವಿಡಿಯಾ 2021ರಲ್ಲಿ ನಿಲ್ಲಿಸಿತು. ಮ್ಯಾಕ್ಸ್‌ವೆಲ್ ಮತ್ತು ಪ್ಯಾಸ್ಕಲ್ ತಲೆಮಾರುಗಳಿಗೆ, ಅಂದರೆ 750 ಟಿಐಯಿಂದ 1080 ಟಿಐವರೆಗಿನ ಕಾರ್ಡುಗಳಿಗೆ, 2025ರ ಅಕ್ಟೋಬರನ್ನು ಗಡುವಾಗಿ ಘೋಷಿಸಿತು. ಆ ನಂತರ ಸುರಕ್ಷತೆಯ ತಿದ್ದುಪಡಿಗಳು ಮಾತ್ರ. ಗಣನೆಗೆ ಬಳಸುವ ಕುಡಾ ತಂತ್ರಾಂಶದ 2025ರ 13ನೆಯ ಆವೃತ್ತಿಯೂ ಈ ತಲೆಮಾರುಗಳನ್ನು ಕೈಬಿಟ್ಟಿದೆ. ಲಿನಕ್ಸ್‌ನಲ್ಲಿ ಪರಿಸ್ಥಿತಿ ತುಸು ಬೇರೆ. ಎಎಂಡಿಯ ಹಳೆಯ ಕಾರ್ಡುಗಳಿಗೆ ಮುಕ್ತ ತಂತ್ರಾಂಶದ ಡ್ರೈವರುಗಳು ಕಂಪನಿಯ ಬೆಂಬಲ ಮುಗಿದ ಮೇಲೂ ಬೆಳೆಯುತ್ತಿವೆ.

ಕೆಲವು ಕೆಲಸಗಳಲ್ಲಿ ವೇಗದ ಪ್ರಶ್ನೆಯೇ ಏಳುವುದಿಲ್ಲ. 2024ರ ಡಿಸೆಂಬರಿನಲ್ಲಿ ಬಂದ ‘ಇಂಡಿಯಾನಾ ಜೋನ್ಸ್ ಆ್ಯಂಡ್ ದ ಗ್ರೇಟ್ ಸರ್ಕಲ್’ ಆಟವು ಬೆಳಕಿನ ಕಿರಣಗಳ ಜಾಡು ಹಿಡಿಯುವ ರೇ ಟ್ರೇಸಿಂಗ್ ಯಂತ್ರಾಂಶವನ್ನು ಕಡ್ಡಾಯವಾಗಿ ಬೇಡುತ್ತದೆ. ಅದಿಲ್ಲದ 1080 ಟಿಐ ಎಷ್ಟೇ ಬಲಶಾಲಿಯಾದರೂ ಆ ಆಟದ ಮಟ್ಟಿಗೆ ಕೈಲಾಗದ ಕಾರ್ಡು. ಅದರ ಮುಂದೆ ದುರ್ಬಲವೆನಿಸುವ 3050ಕ್ಕೆ ಅಲ್ಲಿ ಪ್ರವೇಶವುಂಟು.

ಕರ್ನಾಟಕದಲ್ಲಿ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎರಡು ಸೂಪರ್‌ಕಂಪ್ಯೂಟರುಗಳಲ್ಲಿ ಹಳೆಯ ಮತ್ತು ಹೊಸ ಕಾರ್ಡುಗಳ ಅಂತರವನ್ನು ನೇರವಾಗಿ ಕಾಣಬಹುದು. 2015ರಲ್ಲಿ ಅಲ್ಲಿ ಸ್ಥಾಪನೆಯಾದ ‘ಸಹಸ್ರ-ಟಿ’ ಎಂಬ ಕ್ರೇ ಯಂತ್ರದ ಒಂದು ಭಾಗದಲ್ಲಿ ಮೇಲೆ ಹೇಳಿದ ಟೆಸ್ಲಾ ಕೆ40 ಕಾರ್ಡುಗಳಿದ್ದವು. ರಾಷ್ಟ್ರೀಯ ಸೂಪರ್‌ಕಂಪ್ಯೂಟಿಂಗ್ ಮಿಷನ್ ಅಡಿಯಲ್ಲಿ 2022ರಲ್ಲಿ ಕಾರ್ಯಾರಂಭ ಮಾಡಿದ, 3.3 ಪೆಟಾಫ್ಲಾಪ್ ಸಾಮರ್ಥ್ಯದ ‘ಪರಮ್ ಪ್ರವೇಗ’ದಲ್ಲಿ ವಿ100 ಕಾರ್ಡುಗಳಿವೆ. ಕೆ40ರ ಮೆಮೊರಿ ಸೆಕೆಂಡಿಗೆ 288 ಗಿಗಾಬೈಟ್ ಸಾಗಿಸಿದರೆ ವಿ100ರದು ಸುಮಾರು 900. 64 ಬಿಟ್‌ನ ಗಣನೆ 1.43 ಟೆರಾಫ್ಲಾಪಿನಿಂದ ಸುಮಾರು 7ಕ್ಕೆ ಏರಿದೆ. ವಿದ್ಯುತ್ತಿನ ಬೇಡಿಕೆಯಾದರೋ 235 ವ್ಯಾಟಿನಿಂದ 250–300ರ ಆಸುಪಾಸಿಗೆ ಮಾತ್ರ ಹೆಚ್ಚಿದೆ. ವೈಜ್ಞಾನಿಕ ಕಾರ್ಡುಗಳಲ್ಲಿ ತಲೆಮಾರುಗಳ ಅಂತರ ಹೀಗೆ ನೇರವಾಗಿ ಕಾಣುವುದಕ್ಕೆ ಕಾರಣ, ಅಲ್ಲಿ ಹೋಲಿಕೆ ಒಂದೇ ದರ್ಜೆಯ ಹಳೆಯದಕ್ಕೂ ಹೊಸದಕ್ಕೂ ನಡೆಯುತ್ತದೆ. ಈ ಚಿಪ್ಪುಗಳ ವಿನ್ಯಾಸದ ಕೆಲಸದಲ್ಲಿಯೂ ಕರ್ನಾಟಕದ ಪಾಲಿದೆ. ಎಎಂಡಿ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು 2023ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ತೆರೆಯಿತು. ಎನ್‌ವಿಡಿಯಾ ಮತ್ತು ಇಂಟೆಲ್ ಕಂಪನಿಗಳ ಎಂಜಿನಿಯರುಗಳೂ ಅಲ್ಲಿ ಕೆಲಸ ಮಾಡುತ್ತಾರೆ.

ಇತ್ತ ಬ್ಯಾಡಗಿ ತಾಲೂಕಿನ ಕದರಮಂಡಲಗಿಯಂತಹ ಊರಿನಲ್ಲಿ ಕುಳಿತ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬರು, ಮೆಣಸಿನ ಗಿಡದ ಎಲೆಯ ಚಿತ್ರ ನೋಡಿ ರೋಗ ಗುರುತಿಸುವ ಮಾದರಿಯನ್ನು ತರಬೇತುಗೊಳಿಸಬೇಕೆಂದಿದ್ದಾರೆ ಎಂದುಕೊಳ್ಳೋಣ. ಅವರಿಗೆ ಆಟಗಳ ಫ್ರೇಮಿನ ಪಟ್ಟಿಯಿಂದ ಪ್ರಯೋಜನವಿಲ್ಲ. 1080 ಟಿಐಯಲ್ಲಿ 11 ಗಿಗಾಬೈಟ್ ಮೆಮೊರಿಯೂ ಸೆಕೆಂಡಿಗೆ 484 ಗಿಗಾಬೈಟ್ ಸಾಗಣೆಯೂ ಇದ್ದರೂ, 16 ಬಿಟ್‌ನ ಗಣನೆಯನ್ನು ಬಹುಪಟ್ಟು ವೇಗಗೊಳಿಸುವ ಟೆನ್ಸರ್ ಕೋರುಗಳಿಲ್ಲ, ಹೊಸ ಕುಡಾ ಬೆಂಬಲವಿಲ್ಲ. 12 ಗಿಗಾಬೈಟಿನ 3060ರಲ್ಲಿ ಅವೆರಡೂ ಇವೆ. ವೇಗದ ಪಟ್ಟಿಯಲ್ಲಿ ಅದಕ್ಕಿಂತ ಮೇಲಿರುವ 4060ರ 8 ಗಿಗಾಬೈಟ್, ಭಾಷೆಯ ಮಾದರಿಗಳ ಕೆಲಸಕ್ಕೆ ಬೇಗ ಸಾಲದಾಗುತ್ತದೆ. ಲೆಕ್ಕ ಸರಳ. 700 ಕೋಟಿ ನಿಯತಾಂಕಗಳ ಮಾದರಿಯೊಂದು 16 ಬಿಟ್‌ನಲ್ಲಿ 14 ಗಿಗಾಬೈಟ್ ಬೇಡುತ್ತದೆ, 8 ಬಿಟ್‌ನಲ್ಲಿ 7, 4 ಬಿಟ್‌ನಲ್ಲಿ 3.5. ಇದು ಮಾದರಿಯನ್ನು ಬರಿದೆ ಇಟ್ಟುಕೊಳ್ಳಲು ಬೇಕಾದ ಜಾಗ, ಕೆಲಸಕ್ಕೆ ಇನ್ನಷ್ಟು ಬೇಕು. ಎಲೆಯ ಚಿತ್ರಗಳಂಥ ಚಿಕ್ಕ ಕೆಲಸಕ್ಕಾದರೆ ಕಾರ್ಡನ್ನು ಕೊಳ್ಳುವ ಮೊದಲು ಗೂಗಲ್ ಕೊಲ್ಯಾಬ್ ಸೇವೆಯಲ್ಲಿ ಉಚಿತವಾಗಿ, ಮಿತಿಗಳೊಡನೆ, ಸಿಗುವ ಟಿ4 ಕಾರ್ಡನ್ನು ಬಳಸಿ ನೋಡುವುದು ಮೇಲು. 2018ರ ಆ ಕಾರ್ಡಿನಲ್ಲಿ 16 ಗಿಗಾಬೈಟ್ ಮೆಮೊರಿಯೂ ಟೆನ್ಸರ್ ಕೋರುಗಳೂ ಇವೆ. ಬೇಕಾದದ್ದು ಸ್ಥಿರವಾದ ಅಂತರಜಾಲ.

ಬಳಸಿದ ಕಾರ್ಡುಗಳ ಮಾರುಕಟ್ಟೆ

2022ರ ಸೆಪ್ಟೆಂಬರ್ 15ರಂದು ಎಥೀರಿಯಮ್ ಜಾಲವು ಗ್ರಾಫಿಕ್ಸ್ ಕಾರ್ಡುಗಳಿಂದ ನಾಣ್ಯ ಗಣಿಗಾರಿಕೆ ನಡೆಸುವ ಪದ್ಧತಿಯನ್ನು ಕೈಬಿಟ್ಟಿತು. ಅದುವರೆಗೆ ಹಗಲಿರುಳು ಓಡಿದ್ದ ಕಾರ್ಡುಗಳು ಜಗತ್ತಿನೆಲ್ಲೆಡೆ ಬಳಸಿದ ಸರಕಿನ ಮಾರುಕಟ್ಟೆಗೆ ಹರಿದವು. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಹಾಗೂ ಆನ್‌ಲೈನ್ ಮಾರಾಟ ತಾಣಗಳಲ್ಲಿ ಹಳೆಯ ಕಾರ್ಡು ಹುಡುಕುವವರು ಇಂಥವುಗಳನ್ನೂ ಎದುರಿಸುತ್ತಾರೆ. ಗಣಿಗಾರಿಕೆಯಲ್ಲಿ ದುಡಿದ ಮಾತ್ರಕ್ಕೆ ಚಿಪ್ಪಿನ ವೇಗ ಕುಗ್ಗುವುದಿಲ್ಲ. ಸವೆಯುವುದು ಫ್ಯಾನು, ಒಣಗುವುದು ಚಿಪ್ಪಿಗೂ ಲೋಹದ ಪಟ್ಟಿಗೂ ನಡುವಿನ ಶಾಖವಾಹಕ ಲೇಪ, ಬಳಲುವುದು ಸದಾ ಬಿಸಿಯಾಗಿದ್ದ ಮೆಮೊರಿ ಚಿಪ್ಪುಗಳು. ಲೇಪ ಬದಲಿಸಿ ಧೂಳು ತೆಗೆದರೆ ಎಷ್ಟೋ ಕಾರ್ಡುಗಳು ಮೊದಲಿನ ವೇಗಕ್ಕೆ ಮರಳುತ್ತವೆ.

ಇದಕ್ಕಿಂತ ಹೆಚ್ಚಿನ ಅಪಾಯ ಸುಳ್ಳು ಹೆಸರಿನದು. 2018ರಲ್ಲಿ ಚೀನಾದ ಮಾರುಕಟ್ಟೆಗೆಂದು ಬಂದ ಆರ್‌ಎಕ್ಸ್ 580ರ ಒಂದು ಬಗೆಯಲ್ಲಿ 2304ರ ಬದಲು 2048 ಕೋರುಗಳಿವೆ. ಅದು ವಾಸ್ತವದಲ್ಲಿ ಆರ್‌ಎಕ್ಸ್ 570ಕ್ಕೆ ಸಮ. ಬಳಸಿದ ಸರಕಿನಲ್ಲಿ ಎರಡಕ್ಕೂ ‘580’ ಎಂದೇ ಚೀಟಿ. ಇನ್ನೂ ಮುಂದೆ ಹೋಗಿ, ಜಿಟಿಎಸ್ 450ರಂಥ 2010ರ ಕಾರ್ಡುಗಳ ಬಯಾಸ್ ತಿದ್ದಿ ಜಿಟಿಎಕ್ಸ್ 1050 ಟಿಐ ಎಂದು ತೋರುವಂತೆ ಮಾಡಿ ಮಾರುವವರೂ ಇದ್ದಾರೆ. ವಿಂಡೋಸ್ ಕೂಡ ಆ ಸುಳ್ಳು ಹೆಸರನ್ನೇ ತೋರಿಸುತ್ತದೆ. ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶವು ಚಿಪ್ಪಿನ ನಿಜವಾದ ಗುರುತು, ಕೋರುಗಳ ಸಂಖ್ಯೆ, ಮೆಮೊರಿಯ ಬಗೆ, ದಾರಿಯ ಅಗಲ ಮೊದಲಾದವನ್ನು ತೋರಿಸುತ್ತದೆ. 2018ರಿಂದ ಇಂಥ ನಕಲಿಗಳನ್ನು ಗುರುತಿಸಿ ಎಚ್ಚರಿಸುವ ಸೌಲಭ್ಯವೂ ಅದರಲ್ಲಿದೆ. ಮಾರುವವರ ಯಂತ್ರದಲ್ಲಿಯೇ ಈ ತಂತ್ರಾಂಶವನ್ನು ತೆರೆದು ನೋಡಿ, ಅರ್ಧ ತಾಸು ಯಾವುದಾದರೂ ಭಾರದ ಆಟ ಅಥವಾ ಪರೀಕ್ಷೆಯನ್ನು ಓಡಿಸಿ, ಚಿತ್ರದಲ್ಲಿ ಬಣ್ಣದ ಚುಕ್ಕಿಗಳಾಗಲಿ ಪಟ್ಟಿಗಳಾಗಲಿ ಮೂಡುವುದೇ ಎಂದು ಗಮನಿಸಬೇಕು. ಅಂಥವು ಮೂಡಿದರೆ ಮೆಮೊರಿ ಕೆಟ್ಟಿದೆ ಎಂದೇ ಬಹುಮಟ್ಟಿಗೆ ಅರ್ಥ, ಅದನ್ನು ರಿಪೇರಿ ಮಾಡಿಸುವ ಖರ್ಚು ಅನೇಕ ಸಲ ಕಾರ್ಡಿನ ಬೆಲೆಯನ್ನೇ ಮೀರುತ್ತದೆ. ಅರ್ಧ ತಾಸು ಓಡಿಸಿ ನೋಡಲು ಒಪ್ಪದವರಿಂದ ಕೊಳ್ಳದಿರುವುದೇ ಲೇಸು.